ದಯಾ ಅತ್ತಿಯ ಮೂರನೇ ಪ್ರಕಟಣೆ

ಬೇರೆಯವರು ಮನಸ್ಸು ಬದಲಿಸುವುದರ ಮೇಲೆ ನನ್ನ ಹೊಟ್ಟೆ ನಡೆಯುತ್ತದೆ. ಉಣಕಲ್ಲಿನ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ, ಆನ್‌ಲೈನಿನಲ್ಲಿ ಬಸ್ಸಿನ ಟಿಕೆಟು ಮಾರುವ ಕಂಪನಿಯೊಂದರ ಕ್ಯಾನ್ಸಲೇಶನ್ ವಿಭಾಗದಲ್ಲಿ ನಾನು ಕೂಡುತ್ತೇನೆ. ಪುಣೆಗೆ ಹೊರಟವನು ಹೋಗುವುದಿಲ್ಲ ಎಂದು ಬರೆಯುತ್ತಾನೆ. ನಾನು ಇಂಗ್ಲಿಷಿನಲ್ಲಿ ವಿಷಾದಿಸುತ್ತೇನೆ. ಮತ್ತೆ ಹೋಗುತ್ತೇನೆ ಎಂದು ಬರೆಯುತ್ತಾನೆ, ಆಗಲೂ ವಿಷಾದಿಸುತ್ತೇನೆ. ನನ್ನ ಸ್ವಂತ ಬದುಕಿನಲ್ಲಿ ರದ್ದು ಮಾಡಬೇಕಾದಂಥ ನಿರ್ಧಾರ ಒಂದನ್ನೂ ಇದುವರೆಗೆ ತೆಗೆದುಕೊಂಡವನಲ್ಲ. ಮದುವೆ ಯಾವಾಗೋ ನೋಯೆಲ್ ಎಂದು ಅವ್ವ ಕೇಳಿದರೆ "ನೋಡೂಣು" ಎನ್ನುತ್ತೇನೆ. ನೋಡೂಣು ಎನ್ನುವ ಮಾತನ್ನು ಯಾರೂ ಯಾವತ್ತೂ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಇಂಥವನು ಕೇಶ್ವಾಪುರದ ನಮ್ಮ ಓಣಿಯ ಇಂಗ್ಲಿಷ್ ಪಂಡಿತ. ಅದಕ್ಕೆ ಕಾರಣ ನನ್ನ ಇಂಗ್ಲಿಷ್ ಅಲ್ಲ, ನಮ್ಮ ಸಭೆ. ಚರ್ಚಿಗೆ ಸೇರಿದ ಮಂದಿಗೆಲ್ಲ ಸೇರಿ ನಾವು ಸಭೆ ಎನ್ನುತ್ತೇವೆ. ಅಲ್ಲಿ ಪ್ರಾರ್ಥನೆ ಕನ್ನಡದಲ್ಲಿ, ಹಾಡು ಕನ್ನಡದಲ್ಲಿ, ಜಗಳ ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ. ಕಮಿಟಿಗೆ ಕೊಡುವ ಅರ್ಜಿ ಮಾತ್ರ ಇಂಗ್ಲಿಷಿನಲ್ಲಿ ಇರಬೇಕು. ಬಿಳಿ ಪಾದ್ರಿಗಳು ಹೋಗಿ ಎಷ್ಟೋ ಕಾಲವಾಯಿತು, ಅವರ ಫೈಲು ಹೋಗಲಿಲ್ಲ. ಹೀಗಾಗಿ ಮಗುವಿನ ದೀಕ್ಷಾಸ್ನಾನದಿಂದ ಸ್ಮಶಾನದ ಜಾಗದವರೆಗೆ ಎಲ್ಲದಕ್ಕೂ ಮಂದಿ ನನ್ನ ಹತ್ತಿರ ಬರುತ್ತಾರೆ. ಆಫೀಸಿನಲ್ಲಿ ಕಲಿತ ನಾಲ್ಕು ವಾಕ್ಯಗಳನ್ನೇ ನಾನು ಹಿಂದೆ ಮುಂದೆ ಮಾಡಿ ಬರೆದುಕೊಡುತ್ತೇನೆ.

ನಾನು ಹೇಳಬೇಕೆಂದಿರುವುದು ದಯಾವತಿಯ ವಿಷಯ. ನಮ್ಮ ಮನೆಗೆ ಗೋಡೆ ಹಚ್ಚಿಕೊಂಡ ಮನೆ ಅವಳದು. ಸಣ್ಣವನಿದ್ದಾಗಿನಿಂದ ನನಗೆ ದಯಾ ಅತ್ತಿ. ಮಗ ವಿನೋದ ಸಾಲಿಗೆ ಹೋಗುತ್ತಿದ್ದಾಗಲೇ ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ. ಆಮೇಲೆ ಆಕೆ ಹೊಲಿಗೆ ಮಷಿನ್ನಿನ ಮುಂದೆ ಕೂತವಳು ಮಗನ ಮದುವೆಯಾಗಿ ಮೊಮ್ಮಗಳು ಹುಟ್ಟಿದರೂ ಏಳಲಿಲ್ಲ. ಜೂನ್ ತಿಂಗಳಲ್ಲಿ ಸಾಲಿಯ ಯೂನಿಫಾರ್ಮು, ಉಳಿದ ಕಾಲದಲ್ಲಿ ಬ್ಲೌಸು. ಅವಳ ಮಷಿನ್ನು ಅಡುಗೆಮನೆಯ ಗೋಡೆಯ ಮಗ್ಗುಲಿಗೆ, ಕಿಟಕಿಯಿಲ್ಲದ ಮೂಲೆಯಲ್ಲಿತ್ತು. ಹಾಡುಹಗಲಿನಲ್ಲಿ ಟ್ಯೂಬ್‌ಲೈಟು ಹಚ್ಚಿಕೊಂಡು ಹೊಲಿಯುವ ಆಕೆಯನ್ನು ಕರೆಂಟು ಹೋದಾಗ ಮಾತ್ರ ಓಣಿಯವರು ಹೊರಗಿನ ಕಟ್ಟೆಯ ಮೇಲೆ ನೋಡುತ್ತಿದ್ದರು.

ನಮ್ಮ ಸಭೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಬಿಳಿ ಬ್ಲೌಸು ಅವಳ ಕೈಯಿಂದಲೇ ಬಂದದ್ದು. ಅದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದಳು. ಎಲ್ಲ ಮುಗಿಸಿ ಒಂದು ಹುಕ್ಕು ಮಾತ್ರ ಹಚ್ಚದೆ ಬಿಡುತ್ತಿದ್ದಳು. ಮದುವೆಯ ಮುಂಚಿನ ದಿನ ಹುಡುಗಿ ಬಂದು ಬ್ಲೌಸು ತೊಟ್ಟು ನಿಂತಾಗ, ಬಾಯಲ್ಲಿ ದಾರ ಕಚ್ಚಿಕೊಂಡೇ "ಮನಸ್ಸು ಗಟ್ಟಿ ಐತಿಲ್ಲ?" ಎಂದು ಕೇಳುವಳು. ಹುಡುಗಿ ಹೂಂ ಅಂದ ಮೇಲೆಯೇ ಆ ಹುಕ್ಕು. ಒಮ್ಮೆ ಒಬ್ಬಳು ಹೂಂ ಅನ್ನದೆ ಅತ್ತಳಂತೆ. ಆ ಮದುವೆ ನಿಂತಿತು. ಬ್ಲೌಸಿನ ಕೂಲಿಯನ್ನು ದಯಾ ಅತ್ತಿ ತೆಗೆದುಕೊಳ್ಳಲಿಲ್ಲ.

ಬೆಂಜಮಿನ್ ಈ ಕಥೆಗೆ ಬಂದದ್ದು ಮಷಿನ್ನಿನ ದೆಸೆಯಿಂದ. ಧಾರವಾಡದ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು, ಅಲ್ಲಿಂದ ಹುಬ್ಬಳ್ಳಿಗೆ ಬಂದು ಹೊಲಿಗೆ ಮಷಿನ್ನು ರಿಪೇರಿ ಮಾಡುತ್ತಿದ್ದರು. ಮಾತು ಕಡಿಮೆ. ಮೊದಲ ಸಲ ಬಂದಾಗ ಬೆಲ್ಟು ಬದಲಿಸಿದರು, ಎರಡನೇ ಸಲ ಎಣ್ಣೆ ಬಿಟ್ಟರು, ಆಮೇಲೆ ಆ ಮಷಿನ್ನು ಕೆಟ್ಟದ್ದಕ್ಕಿಂತ ಹೆಚ್ಚು ಸಲ ರಿಪೇರಿಯಾಯಿತು. ನಮ್ಮವ್ವನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಗೋಡೆಯಾಚೆ ಮಷಿನ್ನಿನ ಸದ್ದಿಲ್ಲದೆ ಚಹಾದ ಕಪ್ಪಿನ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತಂತೆ.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪ್ರಕಟಣೆ ಆಗಬೇಕು. ಆರಾಧನೆಯ ನಡುವೆ ಅಯ್ಯನವರು, ಅಂದರೆ ನಮ್ಮ ಪಾದ್ರಿ, ಗಂಡು ಹೆಣ್ಣಿನ ಹೆಸರು ಓದಿ, ಇವರು ಕೂಡಬಾರದೆಂಬುದಕ್ಕೆ ಯಾರಿಗಾದರೂ ನ್ಯಾಯವಾದ ಅಡ್ಡಿ ತಿಳಿದಿದ್ದರೆ ಎದ್ದು ಹೇಳಬೇಕು ಎಂದು ಕೇಳುತ್ತಾರೆ. ಯಾರೂ ಏಳುವುದಿಲ್ಲ. ಆ ಹೊತ್ತಿನಲ್ಲಿ ಮಂದಿ ಕಾಣಿಕೆಯ ಚಿಲ್ಲರೆ ಹುಡುಕುತ್ತಿರುತ್ತಾರೆ. ದಯಾ ಅತ್ತಿ ಮತ್ತು ಬೆಂಜಮಿನ್ ಅವರ ಪ್ರಕಟಣೆ ಎರಡು ಭಾನುವಾರ ಹೀಗೇ ಆಗಿತ್ತು. ಮೂರನೆಯದಾದ ಮರುದಿನ, ಸೋಮವಾರ, ಮದುವೆ. ಅವಸರಕ್ಕೆ ಕಾರಣವಿತ್ತು: ಬುಧವಾರದಿಂದ ಶ್ರಮೆಯ ಕಾಲ, ಅಂದರೆ ಯೇಸುವಿನ ನೋವನ್ನು ನೆನೆಯುವ ಉಪವಾಸದ ದಿನಗಳು, ಹಿಡಿಯುತ್ತದೆ. ಈಸ್ಟರ್ ಬರುವವರೆಗೆ ನಮ್ಮಲ್ಲಿ ಮದುವೆ ಮಾಡುವುದಿಲ್ಲ.

ಶುಕ್ರವಾರ ಸಂಜೆ ವಿನೋದ ಬಂದ. ಡಾಕ್ಟರುಗಳ ಮುಂದೆ ಬ್ಯಾಗು ಹಿಡಿದು ನಿಂತು ಔಷಧಿಯ ಗುಣಗಾನ ಮಾಡುವುದು ಅವನ ಕೆಲಸ. ಮಾತಿಗೆ ಎಂದೂ ಕಡಿಮೆ ಬಿದ್ದವನಲ್ಲ. ಅಲ್ಲಿಯವರೆಗೆ ಮುಖ ದಪ್ಪ ಮಾಡಿಕೊಂಡು ಸುಮ್ಮನಿದ್ದವನು ಅವತ್ತು ಎಲ್ಲವನ್ನೂ ಹೊರಗೆ ಹಾಕಿದ. ಮಂದಿ ಏನಂದಾರು, ಅಪ್ಪನ ಹೆಸರೇನು, ಈ ವಯಸ್ಸಿಗೆ ಇದು ಬೇಕೇ. ಇದಕ್ಕೆಲ್ಲ ದಯಾ ಅತ್ತಿ ಉತ್ತರ ಕೊಟ್ಟಂತೆ ಕೇಳಿಸಿತು. ಕೊನೆಗೆ ಅವನ ಈ ಮಾತು ಗೋಡೆ ದಾಟಿ ಬಂತು.

"ನಿನಗ ಅಂವ ಬೇಕಂದ್ರ ಅಂವನ್ನ ಇಟ್ಕೊ. ಮೆರ್ಲಿನ್ ಇನ್ನ ನಿನ್ನ ಕಡೆ ಬರಾಂಗಿಲ್ಲ."

ಮೆರ್ಲಿನ್ ಎಂದರೆ ಅವನ ಮಗಳು. ಒಂದನೇ ಇಯತ್ತೆಯಲ್ಲಿ ಓದುವವಳು. ಪ್ರತಿ ಶನಿವಾರ ಅಜ್ಜಿಯ ಮನೆಯಲ್ಲಿ ಬಟ್ಟೆಯ ಚೂರುಗಳ ನಡುವೆ ಆಡುವ ಕೂಸು.

ವಿನೋದನ ಬೈಕು ಹೋದ ಸದ್ದು ಅಡಗುವ ಮೊದಲೇ ದಯಾ ಅತ್ತಿ ನಮ್ಮ ಮನೆಯಲ್ಲಿದ್ದಳು. ಪ್ರಕಟಣೆ ನಿಲ್ಲಿಸ್ರಿ ಅಂತ ಒಂದು ಅರ್ಜಿ ಬರೆದುಕೊಡು ಎಂದಳು. ಅವ್ವ, ಒಂದು ರಾತ್ರಿ ತಡಿ ದಯಾ ಅಂದದ್ದಕ್ಕೆ, ತಡೆದರೆ ಆಗುವುದಿಲ್ಲ ಎಂದಳು. ನಾನು ಏನಾದರೂ ಅನ್ನಬಹುದಿತ್ತು. ನಾನೇನು ಮಾಡಿದೆ? ಲ್ಯಾಪ್‌ಟಾಪ್ ತೆರೆದೆ. ಕ್ಯಾನ್ಸಲೇಶನ್ ಎಂದ ಕೂಡಲೇ ಕೈ ತಾನಾಗಿ ಓಡುತ್ತದೆ ನನಗೆ. ನನ್ನ ವಿವಾಹ ಪ್ರಕಟಣೆಯನ್ನು ವಿತ್‌ಡ್ರಾ ಮಾಡುತ್ತಿದ್ದೇನೆ ಎಂದು ಬರೆದು ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನಮ್ಮ ಆಫೀಸಿನ ಪ್ರತಿ ಪತ್ರದ ಕೊನೆಗೆ ಒಂದು ಸಾಲು ಇರುತ್ತದೆ: ಈ ರದ್ದತಿ ಫೈನಲ್ ಅಂಡ್ ಇರ್ರಿವೋಕೆಬಲ್, ಯಾವ ಕಾರಣಕ್ಕೂ ಇದನ್ನು ಮರಳಿ ತೆಗೆದುಕೊಳ್ಳಲಾಗುವುದಿಲ್ಲ. ಅದಿಲ್ಲದೆ ಪತ್ರ ಬೋಳಾಗಿ ಕಂಡಿತು. ಹಾಕಿದೆ. ಓದಲು ಬಾರದ ಭಾಷೆಯ ಕೆಳಗೆ ದಯಾ ಅತ್ತಿ ಸಹಿ ಮಾಡಿ, ಹಾಗೇ ಹೋಗಿ ಸೆಕ್ರೆಟರಿಯ ಮನೆಗೆ ಕೊಟ್ಟುಬಂದಳು.

ಶನಿವಾರ ಮಧ್ಯಾಹ್ನ ನಾನು ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಆಕೆಯ ಫೋನು ಬಂತು. ಲಗೂ ಬಾ, ಅಷ್ಟೇ. ತಲೆನೋವು ಎಂದು ಹೇಳಿ ಹೊರಟೆ. ನನ್ನ ಮೂರು ವರ್ಷದ ನೌಕರಿಯ ಅತ್ಯಂತ ಧೈರ್ಯದ ಕೆಲಸ ಅದು.

ಅವಳ ಮನೆಗೆ ಬಂದರೆ ಆಕೆ ಮಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ತೊಡೆಯ ಮೇಲೆ ತನ್ನದೇ ಬಿಳಿ ಬ್ಲೌಸು. ಅದರ ಒಂದು ತೋಳನ್ನು ಬಿಚ್ಚಿ ಹಾಕಿದ್ದಳು, ಬಟ್ಟೆ ಬೇರೆಯವರಿಗಾದರೂ ಆದೀತು ಎಂದು. ಇನ್ನೊಂದು ತೋಳಿಗೆ ಬ್ಲೇಡು ಇಡುವಾಗ ಬೆಂಜಮಿನ್ ಫೋನು ಮಾಡಿದರಂತೆ. ಅವರಿಗೆ ಏನೂ ಗೊತ್ತಿರಲಿಲ್ಲ. ನನ್ನ ಮಂಚವನ್ನು ಈಚೆಗೆ ಸರಿಸಿದ್ದೇನೆ, ಕಿಟಕಿಯ ಬಾಜೂಕ ನಿನ್ನ ಮಷಿನ್ನು ಹಾಕೋಣಲ್ಲ, ಅಲ್ಲಿ ಬೆಳಕು ಛಲೋ ಬೀಳುತ್ತದೆ ಎಂದು ಕೇಳಿದರಂತೆ.

"ಹೂಂ ಅಂದೆನೋ ನೋಯೆಲ್. ಇಲ್ಲ ಅನ್ನಾಕ ಬಾಯಿ ಬರಲಿಲ್ಲ." ಬ್ಲೇಡನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದಳು. "ನಡಿ, ನನ್ನ ಅರ್ಜಿ ತಿರುಗಿ ತರೂಣು."

ಅದು ಅಷ್ಟು ಸರಳವಲ್ಲ ಎಂದು ನಾನು ಹೇಳಿದೆ. ಹೇಳುವಾಗ ನನ್ನೊಳಗಿನ ಕ್ಯಾನ್ಸಲೇಶನ್ ವಿಭಾಗ ಎದ್ದು ಕೂತಿತ್ತು. ಇಂಗ್ಲಿಷಿನಲ್ಲಿ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಊರಷ್ಟು ಶಬ್ದಗಳಿವೆ, ಎಲ್ಲೆಂದರಲ್ಲಿ ಹಾಕುವಂತಿಲ್ಲ ಎಂದೆ. ಬಸ್ಸಿಗೆ ಕ್ಯಾನ್ಸಲ್. ನೀನೇ ಕೊಟ್ಟ ಅರ್ಜಿಗೆ ವಿತ್‌ಡ್ರಾ. ಯಾರಿಗೋ ಕೊಟ್ಟ ಅಧಿಕಾರ ಕಸಿದುಕೊಂಡರೆ ರಿವೋಕ್. ಕಮಿಟಿಯ ಠರಾವನ್ನು ಕಮಿಟಿಯೇ ಮುರಿದರೆ ರಿಸಿಂಡ್. ಸರಕಾರ ಕಾಯಿದೆ ತೆಗೆದುಹಾಕಿದರೆ ರಿಪೀಲ್. ಆಗಿಹೋದ ಮದುವೆಯನ್ನು ಆಗಿಯೇ ಇಲ್ಲ ಅನ್ನಿಸಿದರೆ ಅನಲ್. ಆಕೆ ಕೊನೆಯವರೆಗೂ ಕೇಳಿದಳು. ಗ್ಯಾಸಿನ ಮೇಲಿನ ಹಾಲು ಉಕ್ಕಿತು. ಅದನ್ನು ಇಳಿಸಿ ಬಂದು, "ಇದರಾಗ ಯಾವುದು ಸೋವಿ ಐತೋ ಅದನ್ನ ಬರಿ" ಎಂದಳು.

ವಿತ್‌ಡ್ರಾವನ್ನು ವಿತ್‌ಡ್ರಾ ಮಾಡುತ್ತೇನೆ ಎಂದು ಬರೆದೆ. ಓದಿಕೊಂಡರೆ ಬಿಕ್ಕಳಿಕೆ ಬಂದವನು ಬರೆದಂತಿತ್ತು. ಅದನ್ನೇ ಹಿಡಿದು ಸಂಜೆ ಸೆಕ್ರೆಟರಿಯ ಮನೆಗೆ ಹೋದೆವು.

ನಮ್ಮ ಸಭೆಯ ಸೆಕ್ರೆಟರಿ ಕೆಟ್ಟ ಮನುಷ್ಯರಲ್ಲ. ರೈಲ್ವೆ ಆಫೀಸಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು; ರೂಲು ಎಂದರೆ ಅವರಿಗೆ ಮನೆದೇವರು ಇದ್ದ ಹಾಗೆ. ಈ ಹೋಲಿಕೆ ಅವರ ಕಿವಿಗೆ ಬಿದ್ದರೆ ನನ್ನನ್ನು ಸಭೆಯಿಂದ ತೆಗೆದಾರು. ಚಹಾ ಕೊಟ್ಟರು, ಪತ್ರ ಓದಿದರು, ಕನ್ನಡಕ ತೆಗೆದರು. ಮಧ್ಯಾಹ್ನವೇ ಕಮಿಟಿ ಕೂಡಿತ್ತು, ಮೊದಲಿನ ಅರ್ಜಿಯನ್ನು ಒಪ್ಪಿ ಠರಾವು ಬರೆದಾಗಿತ್ತು. ನಾಳೆ ಆರಾಧನೆಯಲ್ಲಿ, ಪ್ರಕಟಣೆ ನಿಂತಿದೆ ಎಂದು ಓದಿ ಹೇಳುವುದು ಅಯ್ಯನವರ ಪಾಲಿಗೆ ಬಂದಿತ್ತು. ಠರಾವು ರಿಸಿಂಡ್ ಮಾಡಬೇಕೆಂದರೆ ಕಮಿಟಿ ಮತ್ತೆ ಕೂಡಬೇಕು, ಅದು ಮುಂದಿನ ತಿಂಗಳು. ಆಮೇಲೆ ಪ್ರಕಟಣೆ ಮತ್ತೆ ಮೊದಲನೇ ಭಾನುವಾರದಿಂದ.

"ಈಸ್ಟರ್ ಆದ ಮ್ಯಾಲ ಮಾಡಿಕೊಳ್ರಿ ದಯಾವತಿ. ಓಡಿ ಹೋಗ್ತೈತೇನು?"

ದಯಾ ಅತ್ತಿ ಕಪ್ಪು ಕೆಳಗಿಟ್ಟಳು. "ಓಡಿ ಹೋಗ್ತೈತ್ರಿ" ಎಂದಳು. "ನನ್ನ ಧೈರ್ಯ ಅಷ್ಟ ದಿನ ತಾಳಾಂಗಿಲ್ಲ. ಮತ್ತ ನಾಳೆ ಅಷ್ಟ ಮಂದಿಯೊಳಗ ಅಂವ ಕುಂತು ಇದನ್ನ ಕೇಳಬೇಕು. ಎದ್ದು ಹೋದಾವ ಮತ್ತ ಬರ್ತಾನೇನ್ರಿ?"

ಸೆಕ್ರೆಟರಿ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಮೊದಲಿನ ಪತ್ರವನ್ನು ತಂದು ನನ್ನ ಮುಂದೆ ಇಟ್ಟು, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ತಮ್ಮಾ, ಇದನ್ನ ಬರದಾವ ನೀನ ಹೌದಲ್ಲ?"

"ಹೌದ್ರಿ ಕಾಕಾ. ಅದು ನಮ್ಮ ಆಫೀಸಿನ ಪದ್ಧತಿ ರಿ."

"ನಿಮ್ಮ ಆಫೀಸಿನ್ಯಾಗ ಒಂದು ಬಸ್ ಹೋದ್ರ ಇನ್ನೊಂದು ಬರ್ತೈತಿ. ಇಲ್ಲಿ ನೀ ಬಾಗಲಾ ಹಾಕಿ ಕೀಲಿ ಬಾವ್ಯಾಗ ಒಗದಿ. ಈಗ ನಾ ಏನ್ ಮಾಡ್ಲಿ?"

ಸಾರಿ ಎಂದು ಇಂಗ್ಲಿಷಿನಲ್ಲೇ ವಿಷಾದಿಸಿ ಎದ್ದೆ. ಮೆಟ್ಟಿಲಿಳಿಯುವಾಗ, ಆ ಸಾಲಿನಲ್ಲಿ ಏನಿತ್ತು ಎಂದು ದಯಾ ಅತ್ತಿ ಕೇಳಿದಳು. ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಓಣಿಯ ತಿರುವಿನವರೆಗೆ ನನಗಿಂತ ಎರಡು ಹೆಜ್ಜೆ ಮುಂದೆ ನಡೆದು, "ನಾಳೆ ಆರಾಧನಿಕಿಂತ ಮೊದಲ ಅಯ್ಯನವರನ್ನ ಕೇಳೂಣು" ಎಂದಳು. ಬೆಂಜಮಿನ್‌ಗೆ ಫೋನು ಮಾಡಿ ಬರಬೇಡಿ ಅನ್ನು ಎಂದೆ ನಾನು. ಯಾಕೆ ಎಂದರೆ ಏನು ಹೇಳಲಿ ಎಂದು ಆಕೆ ಕೇಳಿದಳು. ಅದಕ್ಕೂ ನನ್ನ ಬಳಿ ಇದ್ದದ್ದು ಒಂದು ವಿಷಾದ ಮಾತ್ರ.

ಭಾನುವಾರ ಬೆಳಿಗ್ಗೆ, ಗಂಟೆ ಹೊಡೆಯುವ ಮೊದಲೇ, ವೇದಿಯ ಪಕ್ಕದಲ್ಲಿ ಅಯ್ಯನವರು ನಿಲುವಂಗಿ ಹಾಕಿಕೊಳ್ಳುವ ಚಿಕ್ಕ ಕೋಣೆಗೆ ಹೋದೆವು. ಅಯ್ಯನವರು ಹೊಸಬರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನಮ್ಮ ಹಿಂದೆಯೇ ಸೆಕ್ರೆಟರಿಯೂ ಬಂದರು, ಕೈಯಲ್ಲಿ ಫೈಲು. ದಯಾ ಅತ್ತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಅರ್ಜಿ ಹೆದರಿ ಕೊಟ್ಟೆ, ಈಗ ಅದು ಬೇಡ. ಸೆಕ್ರೆಟರಿ ಠರಾವು ಓದಿದರು. ನಾನು ನನ್ನ ಸಾಲಿಗೆ ಕ್ಷಮೆ ಕೇಳಿದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಅಯ್ಯನವರು ನಿಲುವಂಗಿಯ ಗುಂಡಿ ಹಾಕುತ್ತ ಹಾಕುತ್ತ ಕೇಳಿಸಿಕೊಂಡರು. ಕಡೆಗೆ ಸೆಕ್ರೆಟರಿಯ ಕಡೆ ತಿರುಗಿ, "ಕಾಕಾರ, ಪ್ರಕಟಣಿ ಯಾರದು? ಕಮಿಟೀದೋ, ಸಭೇದೋ?" ಎಂದರು.

"ಸಭೇದ್ರಿ."

"ಅದನ್ನ ನಿಲ್ಲಸಬೇಕಂದ್ರ ರೂಲ್ ಏನಂತೈತಿ?"

ಸೆಕ್ರೆಟರಿ ಫೈಲು ತೆರೆಯಲಿಲ್ಲ. ಅವರಿಗೆ ಬಾಯಿಪಾಠ. ಅಡ್ಡಿ ಇದ್ದವರು ಕೇಳಿದಾಗ ಸಭೆಯಲ್ಲಿ ಎದ್ದು ನಿಂತು ಹೇಳಬೇಕು ಎಂದರು. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು.

"ಹಂಗಾರ ಪತ್ರ ಎದ್ದು ನಿಲ್ಲೂದಿಲ್ಲಲ್ರಿ" ಎಂದರು ಅಯ್ಯನವರು. "ನಾ ಮೂರನೇ ಸರತಿ ಓದ್ತೇನಿ. ಅಡ್ಡಿ ಐತೇನು ಅಂತ ಕೇಳ್ತೇನಿ. ದಯಾವತಿ ಅಮ್ಮಾರು ಎದ್ದು ನಿಂತ್ರ ಈ ಪತ್ರ ಖರೆ. ಕುಂತ್ರ ಕುಂತಂಗ, ಪತ್ರ ಸುಳ್ಳು."

ಸೆಕ್ರೆಟರಿ ಯೋಚಿಸಿದರು. ರೂಲಿನ ಮನುಷ್ಯನಿಗೆ ರೂಲಿನಿಂದಲೇ ಪೆಟ್ಟು ಬಿದ್ದರೆ ನೋವಾಗುವುದಿಲ್ಲವೋ ಏನೋ, ಒಪ್ಪಿಕೊಂಡರು. ಆದರೆ ಒಂದು ಷರತ್ತು ಹಾಕಿದರು. ಕೇಳಿದ ಮೇಲೆ ಅವಸರ ಮಾಡಬಾರದು, ಪ್ರತಿ ಸಲದ ಹಾಗೆ ಕೇಳಿದಂತೆ ಮಾಡಿ ಮುಂದೆ ಹೋಗಬಾರದು. ಏಳಬೇಕೆನ್ನುವವರಿಗೆ ಏಳುವಷ್ಟು ಹೊತ್ತು ಪೂರ್ತಿ ಕೊಡಬೇಕು. ಅಯ್ಯನವರು ಹೂಂ ಎಂದರು.

ಇಷ್ಟು ಶಬ್ದಗಳನ್ನು ಅರೆದು ಕುಡಿದ ಮೇಲೆ ಅತ್ತಿ ಮಾಡಬೇಕಾದದ್ದು ಇಷ್ಟೇ: ಕೂತಿರುವುದು. ಜೀವಮಾನವಿಡೀ ಕೂತೇ ದುಡಿದವಳಿಗೆ ಇದೇನು ಕಷ್ಟ ಎಂದುಕೊಂಡು ನಾನು ಹಾಡುವವರ ಗುಂಪಿನ, ಅಂದರೆ ಕ್ವಾಯರ್‌ನ ಬೆಂಚಿಗೆ ಹೋದೆ. ಕ್ವಾಯರ್‌ನಲ್ಲಿ ನನ್ನ ಬಾಯಿ ಮಾತ್ರ ಆಡುತ್ತದೆ, ದನಿ ಪಕ್ಕದವನದು. ಆದರೆ ಆ ಬೆಂಚು ಸಭೆಗೆ ಎದುರಾಗಿದೆ, ಎಲ್ಲರ ಮುಖ ಕಾಣುತ್ತದೆ. ಕಷ್ಟ ಏನೆಂದು ಅಲ್ಲಿ ಕೂತ ಮೇಲೆ ಕಂಡಿತು.

ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ವಿನೋದ ಬಂದಿದ್ದ. ನಿಮ್ಮವ್ವ ಅರ್ಜಿ ಕೊಟ್ಟಾಳೆ ಎಂದು ಯಾರೋ ಹೇಳಿರಬೇಕು. ಆ ಖುಷಿಗೆ ಮೆರ್ಲಿನ್‌ಳನ್ನು ಕರೆತಂದು ಅಜ್ಜಿಯ ತೊಡೆಯ ಮೇಲೆ ಕೂರಿಸಿ, ತಾನು ಎದುರು ಬದಿಯ ಮುಂದಿನ ಬೆಂಚಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಹಿಂದಿನ ಕೊನೆಯ ಬೆಂಚಿನಲ್ಲಿ ಬೆಂಜಮಿನ್, ಹಳೆಯ ಕೋಟು, ಹೊಸದಾಗಿ ಕ್ಷೌರ ಮಾಡಿದ ಮುಖ. ಕಾಲ ಹತ್ತಿರ ಒಂದು ಕೈಚೀಲ, ಅದರಿಂದ ಮಷಿನ್ನಿನ ಹೊಸ ಬೆಲ್ಟು ಹೊರಗೆ ಇಣುಕುತ್ತಿತ್ತು. ದಯಾ ಅತ್ತಿ ಮೊಮ್ಮಗಳ ಜಡೆಯ ರಿಬ್ಬನ್ನು ಬಿಚ್ಚಿ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಮತ್ತೆ ಬಿಚ್ಚಿದಳು.

ಹಾಡು ಆಯಿತು. ವಾಚನ ಆಯಿತು. ಸಭೆಯ ಸುದ್ದಿಗಳು ಬಂದವು: ಹೆಂಗಸರ ಕೂಟ ಗುರುವಾರ, ಸ್ಮಶಾನದ ಕಂಪೌಂಡು ಸುಣ್ಣ ಮಾಡಿಸುವುದು. ಆಮೇಲೆ ಅಯ್ಯನವರು ಇನ್ನೊಂದು ಹಾಳೆ ತೆಗೆದರು.

"ಲಕಮನಹಳ್ಳಿಯ ವಿಧುರರಾದ ಬೆಂಜಮಿನ್ ಅವರಿಗೂ ಈ ಸಭೆಯ ವಿಧವೆಯಾದ ದಯಾವತಿ ಅವರಿಗೂ ವಿವಾಹ ನಿಶ್ಚಯವಾಗಿದೆ. ಇದು ಮೂರನೆಯ ಮತ್ತು ಕೊನೆಯ ಪ್ರಕಟಣೆ."

ವಿನೋದನ ಕಾಲು ಕೆಳಗಿಳಿಯಿತು. ಏನೋ ತಪ್ಪಾಗಿದೆ, ಅಯ್ಯನವರಿಗೆ ಸುದ್ದಿ ಮುಟ್ಟಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ತಾಯಿಯ ಕಡೆ ನೋಡಿದ. ಅಯ್ಯನವರು ಆ ಪ್ರಶ್ನೆ ಕೇಳಿದರು, ನ್ಯಾಯವಾದ ಅಡ್ಡಿ, ಎದ್ದು ತಿಳಿಸಬೇಕು. ಕೇಳಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಎರಡೂ ಕೈ ಕಟ್ಟಿಕೊಂಡು ನಿಂತರು.

ಪ್ರತಿ ಸಲ ಆ ಪ್ರಶ್ನೆಗೂ ಮುಂದಿನ ಹಾಡಿಗೂ ನಡುವೆ ಒಂದು ಕೆಮ್ಮಿನಷ್ಟು ಜಾಗ ಇರುತ್ತಿತ್ತು. ಅವತ್ತು ಜಾಗ ಬೆಳೆಯುತ್ತಾ ಹೋಯಿತು. ಚಿಲ್ಲರೆ ಹುಡುಕುತ್ತಿದ್ದವರು ಕೈ ನಿಲ್ಲಿಸಿದರು. ಹೆಂಗಸರ ಕಡೆ ತಲೆಗಳು ಒಂದೊಂದಾಗಿ ಮೇಲಕ್ಕೆ ಬಂದವು. ಹಾರ್ಮೋನಿಯಂ ನುಡಿಸುವವನು ನನ್ನನ್ನು ಕಣ್ಣಲ್ಲೇ ಏನು ಎಂದು ಕೇಳಿದ. ನನಗೆ ಬರುವ ಇಂಗ್ಲಿಷ್ ಶಬ್ದಗಳೆಲ್ಲ ತಲೆಯಲ್ಲಿ ಸಾಲುಗಟ್ಟಿ ನಿಂತಿದ್ದವು, ಒಂದಕ್ಕೂ ಅಲ್ಲಿ ಕೆಲಸವಿರಲಿಲ್ಲ.

ವಿನೋದ ಗದ್ದ ಎತ್ತಿ ತಾಯಿಗೆ ಸನ್ನೆ ಮಾಡಿದ: ಏಳು. ಆಕೆ ನೋಡಿದಳು. ಅವನು ಮತ್ತೆ ಸನ್ನೆ ಮಾಡಿ, ಈ ಸಲ ಕಣ್ಣಿನಿಂದ ಮೆರ್ಲಿನ್‌ಳನ್ನು ತೋರಿಸಿದ. ದಯಾ ಅತ್ತಿ ಏಳುವವರ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ಕಂಡೆ. ಇಷ್ಟು ವರ್ಷ ಮಗ ಏಳು ಅಂದಾಗ ಎದ್ದ ಕಾಲು ಅದು. ಕೂಸು ತಲೆ ಎತ್ತಿ ಅಜ್ಜಿಯ ಮುಖ ನೋಡಿತು. ಆಕೆ ರಿಬ್ಬನ್ನನ್ನು ಬಿಟ್ಟು, ಎರಡೂ ಕೈಯಿಂದ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಬಸ್ಸು ಜೋರಾಗಿ ತಿರುಗುವಾಗ ಮಂದಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಕಣ್ಣು ಮಾತ್ರ ಮಗನಿಂದ ತೆಗೆಯಲಿಲ್ಲ. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

ಆಗ ವಿನೋದ ತಾನೇ ಎದ್ದ.

ಬೆಂಚು ಕಿರ್ ಎಂದಿತು. ಸಭೆಯೆಲ್ಲ ಅವನ ಕಡೆ ತಿರುಗಿತು. ಹಿಂದಿನ ಬೆಂಚಿನಲ್ಲಿ ಬೆಂಜಮಿನ್ ಕೂಡ ಕುತ್ತಿಗೆ ಎತ್ತಿ ನೋಡಿದರು, ಇನ್ನೂ ಏನೂ ತಿಳಿಯದವರ ಹಾಗೆ.

"ಹೇಳ್ರಿ ವಿನೋದ" ಎಂದರು ಅಯ್ಯನವರು.

ಅವನ ಬಾಯಿ ತೆರೆಯಿತು. ಊರಿನ ಡಾಕ್ಟರುಗಳಿಗೆಲ್ಲ ಬೇಡದ ಮಾತ್ರೆಯನ್ನೂ ಬೇಕು ಅನ್ನಿಸಿದ ಬಾಯಿ. ಶುಕ್ರವಾರ ಗೋಡೆಯಾಚೆಯಿಂದ ನಾನು ಕೇಳಿದ ಮಾತುಗಳೆಲ್ಲ ಅವನ ಬಳಿ ಇದ್ದವು. ಆದರೆ ತಾಯಿಯ ಎದುರು ಅಡುಗೆಮನೆಯಲ್ಲಿ ಆಡಬಹುದಾದ ಮಾತು ಒಂದು, ಅವಳು ಹೊಲಿದ ಬ್ಲೌಸು ತೊಟ್ಟು ಮದುವೆಯಾದ ಅಷ್ಟು ಹೆಂಗಸರು ತಿರುಗಿ ನೋಡುತ್ತಿರುವಾಗ ಆಡಬಹುದಾದ ಮಾತು ಇನ್ನೊಂದು. ಅವನು ತಾಯಿಯನ್ನು ನೋಡಿದ, ಮಗಳನ್ನು ನೋಡಿದ, ಮೇಲೆ ನೋಡಿದ.

"ಏನಿಲ್ರಿ. ಸೆಖಿ ಭಾಳ ಐತಿ. ಫ್ಯಾನ್ ಜೋರು ಮಾಡಾಕ ಎದ್ದೆ."

ಎದ್ದವನು ಹೋಗಲೇಬೇಕಲ್ಲ. ಗೋಡೆಯ ಹತ್ತಿರ ನಡೆದುಹೋಗಿ ರೆಗ್ಯುಲೇಟರನ್ನು ಕೊನೆಯವರೆಗೆ ತಿರುಗಿಸಿದ. ಮೇಜಿನ ಮೇಲಿನ ಹಾಳೆ ಹಾರಿ ಸೆಕ್ರೆಟರಿಯ ಕಾಲ ಹತ್ತಿರ ಬಿತ್ತು. ಅವರು ಎತ್ತಿಕೊಂಡು ಮಡಚಿ ಫೈಲಿಗೆ ಸೇರಿಸಿದರು. ಅಯ್ಯನವರು ಇನ್ನೂ ಒಂದು ಉಸಿರಿನಷ್ಟು ಕಾದು ಹಾಡಿನ ನಂಬರು ಹೇಳಿದರು. ಅವತ್ತು ಕ್ವಾಯರ್‌ನಲ್ಲಿ ನಾನು ನಿಜವಾಗಿ ಹಾಡಿದೆ. ಪಕ್ಕದವನು ಬೇಸರದಿಂದ ನೋಡಿದ.

ಆಶೀರ್ವಾದಕ್ಕೆ ಮೊದಲೇ ವಿನೋದ ಮೆರ್ಲಿನ್‌ಳ ಕೈ ಹಿಡಿದು ಹೊರಟುಹೋದ. ದಯಾ ಅತ್ತಿ ತಡೆಯಲಿಲ್ಲ. ಕೂಸು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿತು, ಜಡೆಯ ರಿಬ್ಬನ್ನು ಅರ್ಧ ಬಿಚ್ಚಿತ್ತು.

ಹೊರಗೆ ಬೇವಿನ ಮರದ ಕೆಳಗೆ ಬೆಂಜಮಿನ್ ಕೈಚೀಲ ಹಿಡಿದು ನಿಂತಿದ್ದರು. ಅಯ್ಯನವರು ಇವತ್ತು ಯಾಕೋ ಬಹಳ ಹೊತ್ತು ಸುಮ್ಮನೆ ನಿಂತಿದ್ದರಲ್ಲ ಎಂದು ಕೇಳಿದರು.

"ಮಂದಿ ಎಚ್ಚರ ಅದಾರೋ ಇಲ್ಲೋ ನೋಡಾಕತ್ತಿದ್ರು" ಎಂದಳು ಆಕೆ.

ಅಷ್ಟಕ್ಕೇ ಬಿಡಲಿಲ್ಲ. ಬಸ್ ಸ್ಟಾಪಿನವರೆಗೆ ಅವರ ಜೊತೆ ನಡೆಯುತ್ತ ಎಲ್ಲವನ್ನೂ ಹೇಳಿದಳೆಂದು ಕಾಣುತ್ತದೆ. ನಾನು ದೂರದಿಂದ ಬರುತ್ತಿದ್ದೆ, ಮಾತು ಕೇಳಿಸಲಿಲ್ಲ. ಒಂದು ಕಡೆ ಬೆಂಜಮಿನ್ ನಿಂತುಬಿಟ್ಟರು. ನನ್ನ ಕಾಲೂ ನಿಂತಿತು. ಅವರು ಕೈಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿದರು, ಏನೋ ಒಂದೆರಡು ಮಾತು ಆಡಿದರು, ಮತ್ತೆ ನಡೆದರು. ಧಾರವಾಡದ ಬಸ್ಸು ಬಂದು ಹೋಯಿತು; ಅವರು ಹತ್ತಲಿಲ್ಲ. ಅದರ ಮುಂದಿನದಕ್ಕೆ ಹತ್ತಿದರು.

ಸಂಜೆ ಗೋಡೆಯಾಚೆ ಮಷಿನ್ನಿನ ಸದ್ದು ಕೇಳಿತು. ಬಿಚ್ಚಿದ ತೋಳು ಹಚ್ಚುತ್ತಿದ್ದಳು. ಸದ್ದು ನಿಂತ ಮೇಲೆ ಅವ್ವ ಎದ್ದು ಆ ಕಡೆ ಹೋದಳು. ನಾನೂ ಹಿಂದೆ ಹೋದೆ, ಬಾಗಿಲಲ್ಲೇ ನಿಂತೆ. ದಯಾ ಅತ್ತಿ ಬ್ಲೌಸನ್ನು ಬೆಳಕಿಗೆ ಹಿಡಿದಿದ್ದಳು. ಒಂದು ಹುಕ್ಕು ಉಳಿದಿತ್ತು. ಅವ್ವ ಅದನ್ನು ತನ್ನ ಕೈಗೆ ತೆಗೆದುಕೊಂಡು, ಸೂಜಿಗೆ ದಾರ ಪೋಣಿಸಿ, ದಾರದ ತುದಿ ಕಚ್ಚಿಕೊಂಡು ಕೇಳಿದಳು.

"ಮನಸ್ಸು ಗಟ್ಟಿ ಐತಿಲ್ಲ?"

ದಯಾ ಅತ್ತಿ ನೆಲದ ಮೇಲೆ ಕೂತಳು. ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಒಂದು ಚೀಲಕ್ಕೆ ತುಂಬಿದಳು, ಮೆರ್ಲಿನ್ ಆಡುವ ಚೂರುಗಳು. ಚೀಲದ ಬಾಯಿ ಕಟ್ಟಿ, ಮಷಿನ್ನಿನ ಜೊತೆ ಧಾರವಾಡಕ್ಕೆ ಹೋಗುವ ಸಾಮಾನಿನ ಮೇಲೆ ಇಟ್ಟಳು. ಆಮೇಲೆ ಹೂಂ ಎಂದಳು.

ಸೋಮವಾರ ಮದುವೆಗೆ ಬಂದವರು ಕಡಿಮೆ, ಆದರೆ ಬಂದ ಹೆಂಗಸರೆಲ್ಲ ಮುಂದಿನ ಬೆಂಚುಗಳನ್ನೇ ಹಿಡಿದಿದ್ದರು. ನಾನು ರಜೆ ಕೇಳಿದ್ದೆ. ಮ್ಯಾನೇಜರು ಮೊದಲು ಕೊಟ್ಟು, ಆಮೇಲೆ ಹಿಂದಕ್ಕೆ ತೆಗೆದುಕೊಂಡಿದ್ದ. ಅದನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ವಿಚಾರಿಸದೆ ಬಂದುಬಿಟ್ಟೆ. ಮದುವೆಯ ದಿನ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ಪದ್ಧತಿ ಇದೆ. ಅಯ್ಯನವರು ಪುಸ್ತಕ ತೆರೆಯುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ವಿನೋದ ಒಳಗೆ ಬಂದ, ಮೆರ್ಲಿನ್‌ಳ ಕೈ ಹಿಡಿದುಕೊಂಡು. ಕೂತುಕೊಳ್ಳಲಿಲ್ಲ. ಗೋಡೆಗೆ, ಫ್ಯಾನಿನ ಸ್ವಿಚ್ಚುಗಳ ಹತ್ತಿರ, ಬೆನ್ನು ಹಚ್ಚಿ ನಿಂತ.

ಅಯ್ಯನವರು ಪ್ರಶ್ನೆ ಕೇಳಿದರು. ಸಭೆಯೆಲ್ಲ ಮೆಲ್ಲಗೆ ಹಿಂದೆ ತಿರುಗಿತು. ದಯಾ ಅತ್ತಿ ಮಾತ್ರ ತಿರುಗಲಿಲ್ಲ. ಆದರೆ ಅವಳ ಬೆನ್ನಿನಲ್ಲಿ ಹುಕ್ಕುಗಳ ಸಾಲು ಬಿಗಿಯಾದದ್ದು, ಅವತ್ತು ಕ್ವಾಯರ್ ಬಿಟ್ಟು ಹಿಂದೆ ಕೂತಿದ್ದ ನನಗೆ ಕಾಣುತ್ತಿತ್ತು. ಮೆರ್ಲಿನ್ ಅಪ್ಪನ ಕೈ ಬಿಡಿಸಿಕೊಂಡು ಹೆಂಗಸರ ಬದಿಗೆ ಓಡಿದಳು. ವಿನೋದ ಅವಳನ್ನು ಕರೆಯಲಿಲ್ಲ. ತಲೆ ಎತ್ತಿ ಫ್ಯಾನಿನ ಕಡೆ ನೋಡಿದ, ಅದು ಆಗಲೇ ಜೋರಾಗಿ ತಿರುಗುತ್ತಿತ್ತು. ಅಯ್ಯನವರು ಮುಂದಿನ ಪುಟ ತಿರುಗಿಸುವವರೆಗೆ ಕೈ ಕಟ್ಟಿಕೊಂಡು ಅಲ್ಲೇ ನಿಂತ.